ಬೋರಲು ಅಂಟಿಸದ ಚಿತ್ರ

ನಮ್ಮ ಅಡಿಗೆಮನೆಯ ಮೂರನೆಯ ಡ್ರಾಯರಿನಲ್ಲಿ ಲಟ್ಟಣಿಗೆ, ಸೌಟು, ಜೊತೆ ತಪ್ಪಿದ ಡಬ್ಬಿ ಮುಚ್ಚಳಗಳ ನಡುವೆ ಒಂದು ವಸ್ತುವಿದೆ. ಅಂಗೈಯಗಲದ ಚಪ್ಪಟೆ ಬಿಲ್ಲೆ. ಅದರ ಮೇಲೆ ಒಣಗಿದ ಬಿದಿರಿನ ಹಾಳೆಯನ್ನು ಬಿಗಿಯಾಗಿ ಎಳೆದು, ಬೆನ್ನಿನ ಮೇಲೆ ತಿರುಚಿ ಗಂಟು ಹಾಕಿದ್ದಾರೆ. ಆ ಗಂಟೇ ಹಿಡಿ. ಹಬ್ಬದ ಊಟಕ್ಕೆ ಬಂದು, "ಏನಾದರೂ ಸಹಾಯ ಮಾಡ್ತೀನಿ ಕೊಡ್ರೀ" ಎಂದು ಡ್ರಾಯರು ಎಳೆಯುವ ಅತಿಥಿಗಳೆಲ್ಲ ಇದಕ್ಕೆ ಒಂದೊಂದು ಕೆಲಸ ಹಚ್ಚಿದ್ದಾರೆ. ಒಬ್ಬರು ಇದರ ಮೇಲೆ ಕುದಿಯುವ ಹುಳಿಯ ಪಾತ್ರೆ ಇಟ್ಟರು. ಇನ್ನೊಬ್ಬರು, ಒಬ್ಬಟ್ಟು ತಟ್ಟುವುದಕ್ಕೆ ಬಹಳ ಚೆನ್ನಾಗಿದೆ, ಸೌತ್‌ಹಾಲಿನ ನಮ್ಮವರ ಅಂಗಡಿಗಳಲ್ಲಿ ಸಿಗುತ್ತದೆಯೇ ಎಂದು ಕೇಳಿದರು. ನಮ್ಮವರಂತೂ ಒಮ್ಮೆ ನೊಣ ಹೊಡೆಯಲು ಇದನ್ನು ಎತ್ತಿದ್ದರು. ನಾನು ಕೂಗಿಕೊಂಡಿದ್ದರಿಂದ ನೊಣವೂ ಉಳಿಯಿತು, ಇದೂ ಉಳಿಯಿತು.

ಇದರ ಹೆಸರು ಬಾರೆನ್. ಜಪಾನಿನವರು ಬಣ್ಣ ಹಚ್ಚಿದ ಮರದಚ್ಚಿನ ಮೇಲೆ ಕಾಗದ ಹರಡಿ, ಕಾಗದದ ಬೆನ್ನನ್ನು ಇದರಿಂದ ಉಜ್ಜಿ ಚಿತ್ರ ಇಳಿಸುತ್ತಾರೆ. ಇಂಥದ್ದು ನಮ್ಮ ಲಟ್ಟಣಿಗೆಯ ನೆರೆಗೆ ಹೇಗೆ ಬಂತು ಅನ್ನುವುದು ಸ್ವಲ್ಪ ಸುತ್ತು ದಾರಿಯ ಕತೆ. ನೇರ ದಾರಿಯಲ್ಲಿ ಹೋಗುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ, ನೀವು ತಾಳ್ಮೆಯಿಂದ ಜೊತೆಗೆ ಬರಬೇಕು.

ಮೊದಲು ನನ್ನ ಉದ್ಯೋಗ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನೀವು ನಗುವಾಗ ಪೂರ್ತಿ ನಗಬೇಕು. ನಾನು ಉತ್ತರ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಆಗಿನ್ನೂ ಫಿಲ್ಮಿನ ಕಾಲ. ನನ್ನ ಜೇಬಿನಲ್ಲಿ ಸದಾ ಸೀಸದ ಎರಡು ಪುಟ್ಟ ಅಕ್ಷರಗಳಿರುತ್ತಿದ್ದವು, ಎಡಕ್ಕೆ ಒಂದು, ಬಲಕ್ಕೆ ಒಂದು. ಕಾಲೋ ಕೈಯೋ ಯಾವುದರ ಚಿತ್ರ ತೆಗೆಯುತ್ತೇವೋ ಅದರ ಪಕ್ಕ ಸರಿಯಾದ ಅಕ್ಷರ ಇಡಬೇಕು. ಅಕ್ಷರ ತಪ್ಪಿತೋ, ಡಾಕ್ಟರು ಗಟ್ಟಿಯಾಗಿರುವ ಮೊಣಕಾಲಿಗೇ ಚಾಕು ಹಾಕುತ್ತಾರೆ. ಒಟ್ಟಿನಲ್ಲಿ ಎಡ ಯಾವುದು, ಬಲ ಯಾವುದು ಎಂದು ಗಮನವಿಟ್ಟು ನೋಡುವುದಕ್ಕೇ ಈ ದೇಶದವರು ನನಗೆ ಸಂಬಳ ಕೊಡುತ್ತಿದ್ದರು.

ತೊಂಬತ್ತರ ದಶಕ ಮುಗಿದು ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಒಂದು ಶನಿವಾರ ಮಗಳು ಪೂರ್ವಿಯನ್ನು ಕರೆದುಕೊಂಡು ಪೇಟೆಗೆ ಹೋಗಿದ್ದೆ. ಅವಳಿಗೆ ಆಗ ಏಳು ವರ್ಷ. ಮಳೆ ಬಂತು, ಅವಳಿಗೆ ಟಾಯ್ಲೆಟ್ಟಿಗೂ ಅವಸರವಾಯಿತು. ಎದುರಿಗೆ ಒಂದು ಗ್ಯಾಲರಿ, ಪುಕ್ಕಟೆ ಪ್ರವೇಶ. ಕಲಾಭಿಮಾನದ ವಿಷಯದಲ್ಲಿ ನಾನು ಸುಳ್ಳು ಹೇಳುವುದಿಲ್ಲ, ನಾವು ಒಳಗೆ ಹೋದದ್ದು ಆ ಅವಸರಕ್ಕೇ. ಹೊರಗೆ ಬರುವಾಗ ಗೋಡೆಯ ಮೇಲೆ 'ಇಂದಿನ ಜಪಾನಿನ ಮರದಚ್ಚುಗಳು' ಎಂದು ಬರೆದದ್ದು ಕಂಡಿತು. ಜಪಾನಿನ ಚಿತ್ರ ಎಂದರೆ ನನಗೆ ಗೊತ್ತಿದ್ದದ್ದು ಕ್ಯಾಲೆಂಡರಿನಷ್ಟು: ಒಂದು ದೊಡ್ಡ ಅಲೆ, ಒಂದು ಬೆಟ್ಟ, ಮುಖಕ್ಕೆ ಬಿಳಿ ಬಳಿದುಕೊಂಡ ಹೆಂಗಸು. ಇಲ್ಲಿ ಅವು ಯಾವುವೂ ಇರಲಿಲ್ಲ. ಅನ್ನದ ಕುಕ್ಕರಿನಿಂದ ಹಬೆ ಏಳುತ್ತಿತ್ತು. ಎತ್ತರದ ಫ್ಲ್ಯಾಟೊಂದರ ಬಾಲ್ಕನಿಯಲ್ಲಿ ಬನಿಯನ್ನುಗಳು ಒಣಗುತ್ತಿದ್ದವು. ಒಬ್ಬ ಮುದುಕರು ಹಳೆಯ ಪೇಪರು ಹರಡಿಕೊಂಡು ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಿದ್ದರು. ರೈಲಿನಲ್ಲಿ ಒಬ್ಬಾಕೆ ನಿದ್ದೆ ಹೋಗಿದ್ದಳು, ಮಡಿಲಿನ ಚೀಲದಿಂದ ಮೂಲಂಗಿಯ ಸೊಪ್ಪು ಇಣುಕುತ್ತಿತ್ತು.

ನಾನು ಉಗುರಿನ ಚಿತ್ರದ ಮುಂದೆ ನಿಂತುಬಿಟ್ಟೆ. ಇದನ್ನೂ ಚಿತ್ರ ಮಾಡುತ್ತಾರೆಯೇ? ನಮ್ಮಪ್ಪ ಮೈಸೂರಿನ ನಮ್ಮ ಮನೆಯ ಜಗಲಿಯ ಮೇಲೆ ಭಾನುವಾರ ಬೆಳಿಗ್ಗೆ ಹೀಗೇ ಕೂರುತ್ತಿದ್ದರು. ಕಾಲು ಮಡಿಸಿಕೊಂಡು, ನಾಲಗೆಯ ತುದಿಯನ್ನು ತುಟಿಯ ಮೂಲೆಗೆ ಒತ್ತಿಕೊಂಡು, ಒಂದೊಂದು ಉಗುರಿಗೂ ದೊಡ್ಡ ಯೋಚನೆ ಮಾಡುತ್ತಿದ್ದರು. ಅಪ್ಪ ಹೋಗಿ ಎಷ್ಟೋ ವರ್ಷವಾಗಿದೆ. ನನ್ನ ಹತ್ತಿರ ಅವರ ಫೋಟೋಗಳು ಬೇಕಾದಷ್ಟಿವೆ. ಎಲ್ಲದರಲ್ಲೂ ಜರಿ ಪಂಚೆ, ಕೊರಳಲ್ಲಿ ಹಾರ, ಯಾರದೋ ಮದುವೆ. ನಾಲಗೆಯ ತುದಿ ತುಟಿಯ ಮೂಲೆಗೆ ಬಂದ ಅಪ್ಪ ಒಂದರಲ್ಲೂ ಇಲ್ಲ. ನಮ್ಮಲ್ಲಿ ಫೋಟೋ ತೆಗೆಯುತ್ತೇವೆ ಎಂದರೆ, ಕೆಲಸ ಮಾಡುತ್ತಿದ್ದವರು ಕೆಲಸ ಬಿಟ್ಟು, ಸೆರಗು ಸರಿಮಾಡಿಕೊಂಡು, ತಾವಲ್ಲದ ಯಾರೋ ಆಗಿ ನಿಲ್ಲುತ್ತಾರೆ. ಆ ಚಿತ್ರದ ಮುಂದೆ ನನಗೆ ಅಳು ಬಂತು. ಪೂರ್ವಿ ನನ್ನ ಕೋಟು ಎಳೆದು, "ಇಟ್ಸ್ ಓನ್ಲಿ ಟೋ-ನೇಲ್ಸ್, ಅಮ್ಮ" ಎಂದಳು.

ಪಕ್ಕದ ಮೇಜಿನ ಹಿಂದೆ ಗಿಡ್ಡಗಿನ ಒಬ್ಬ ಜಪಾನಿ ಹೆಂಗಸು ಅಚ್ಚು ಹಾಕುವುದನ್ನು ಬಂದವರಿಗೆ ತೋರಿಸುತ್ತಿದ್ದರು. ಮಿಚಿಕೊ ಎಂದು ಹೆಸರು. ನನ್ನ ಕಣ್ಣು ನೋಡಿಯೂ ನೋಡದವರಂತೆ ಒಂದು ಚೀಟಿ ಕೊಟ್ಟರು. ಶನಿವಾರ ಬೆಳಿಗ್ಗೆ ಸ್ಟ್ರಾಟ್‌ಫರ್ಡಿನಲ್ಲಿ ನಾನೇ ಕಲಿಸುತ್ತೇನೆ, ಬನ್ನಿ ಎಂದರು. ನಾನು, "ನನಗೆ ಚಿತ್ರ ಬರೆಯಲು ಬರುವುದಿಲ್ಲ" ಅಂದೆ. ಅವರು, "ಹಬ್ಬದ ದಿನ ಎಲ್ಲರೂ ಫೋಟೋ ತೆಗೆಯುತ್ತಾರೆ. ಮಂಗಳವಾರದ್ದನ್ನು ಯಾರು ತೆಗೆಯುತ್ತಾರೆ? ನಾವು ಮಂಗಳವಾರಗಳನ್ನು ಅಚ್ಚು ಹಾಕುತ್ತೇವೆ, ಅದಕ್ಕೆ ದೊಡ್ಡ ವಿದ್ಯೆ ಬೇಡ" ಎಂದರು. ದೊಡ್ಡ ವಿದ್ಯೆ ಬೇಕು ಎಂದು ಆಮೇಲೆ ಗೊತ್ತಾಯಿತು, ಆದರೆ ಅಷ್ಟರಲ್ಲಿ ಫೀಸು ಕಟ್ಟಿಯಾಗಿತ್ತು.

ಜ್ಯೂಬಿಲಿ ಲೈನು ಎಂಬ ಟ್ಯೂಬ್ ರೈಲು ಆಗಷ್ಟೇ ಸ್ಟ್ರಾಟ್‌ಫರ್ಡಿನ ತನಕ ಬೆಳೆದಿತ್ತು. ನಮ್ಮ ಸ್ಟ್ಯಾನ್ಮೋರ್ ಒಂದು ತುದಿ, ಅದು ಇನ್ನೊಂದು ತುದಿ. ಮೊದಲ ಸ್ಟೇಷನ್ನಿನಲ್ಲಿ ಹತ್ತಿ ಕೊನೆಯದರಲ್ಲಿ ಇಳಿಯುವವರಿಗೆ ಸೀಟಿನ ಚಿಂತೆಯೂ ಇಲ್ಲ, ಎಲ್ಲಿ ಇಳಿಯಬೇಕೆಂಬ ಚಿಂತೆಯೂ ಇಲ್ಲ. ಈಗ ಅಲ್ಲಿ ಆಕಾಶ ಮುಟ್ಟುವ ಅಂಗಡಿಗಳಿವೆ, ಆಗ ರೈಲು ಹಳಿಗಳೂ ಪಾಳುಬಿದ್ದ ಶೆಡ್ಡುಗಳೂ ಇದ್ದವು. ಹಳೆಯ ಕಾರ್ಖಾನೆಯೊಂದರ ಮಹಡಿಯಲ್ಲಿ ಮಿಚಿಕೊ ಅವರ ಕೋಣೆ. ಅವರು ಈ ಊರಿಗೆ ಬಂದು ಇಪ್ಪತ್ತು ವರ್ಷವಾಗಿತ್ತಂತೆ. ಅವರ ಅಚ್ಚುಗಳಲ್ಲಿ ಸೇತುವೆಯೂ ಇಲ್ಲ, ಗಡಿಯಾರದ ಗೋಪುರವೂ ಇಲ್ಲ. ಲಾಂಡ್ರಿ ಅಂಗಡಿಯಲ್ಲಿ ತಿರುಗುವ ಬಟ್ಟೆಯನ್ನು ನೋಡುತ್ತ ಕೂತ ಹುಡುಗ, ಪೋಸ್ಟಾಫೀಸಿನಲ್ಲಿ ಪೆನ್ಷನ್ನಿಗೆ ನಿಂತ ಸಾಲು, ಕಸದ ದಿನ ಬೀದಿಯುದ್ದಕ್ಕೂ ನಿಂತ ಕಪ್ಪು ಚೀಲಗಳು. ಜಪಾನಿನಲ್ಲಿದ್ದ ಗೆಳತಿಯರು ತಮ್ಮ ಬೀದಿಗಳನ್ನು ಅಚ್ಚು ಹಾಕಿ ಇವರಿಗೆ ಕಳಿಸುತ್ತಿದ್ದರು, ಇವರು ಈಸ್ಟ್ ಲಂಡನ್ನನ್ನು ಅವರಿಗೆ ಕಳಿಸುತ್ತಿದ್ದರು. ಕ್ಷೇಮ, ಅಲ್ಲಿಯೂ ಕ್ಷೇಮ ಎಂದು ನಾವು ಬರೆಯುವುದನ್ನೇ ಅವರು ಬನಿಯನ್ನು, ಮೂಲಂಗಿಗಳಲ್ಲಿ ಬರೆಯುತ್ತಿದ್ದರು.

ಅಚ್ಚಿನ ವಿಷಯದಲ್ಲಿ ನನಗಿದ್ದ ಪೂರ್ವಾನುಭವ ಎಂದರೆ ಬೆಂಡೆಕಾಯಿ. ನಿಮಗೂ ಇದ್ದೀತು. ಬೆಂಡೆಕಾಯಿಯ ತೊಟ್ಟಿನ ಕಡೆ ಕತ್ತರಿಸಿ, ಇಂಕಿನಲ್ಲಿ ಅದ್ದಿ, ಪುಸ್ತಕದ ಅಂಚಿಗೆಲ್ಲ ಹೂವು ಒತ್ತುವುದು. ನಾನು ಒಮ್ಮೆ ಅಮ್ಮನ ಹೊಸ ದಿಂಬಿನ ಗೌಸಿಗೂ ಒತ್ತಿ, ಅವತ್ತು ರಾತ್ರಿ ಪಲ್ಯವಾಗಬೇಕಿದ್ದ ಬೆಂಡೆಕಾಯಿಯಿಂದಲೇ ಎರಡು ಏಟು ತಿಂದಿದ್ದೆ. ಗೋಕುಲಾಷ್ಟಮಿಗೆ ಅಕ್ಕಿಹಿಟ್ಟಿನ ನೀರಿನಲ್ಲಿ ಮುಷ್ಟಿ ಅದ್ದಿ ಹೊಸ್ತಿಲಿನಿಂದ ದೇವರ ಮನೆಯ ತನಕ ಕೃಷ್ಣನ ಹೆಜ್ಜೆ ಮೂಡಿಸುತ್ತಿದ್ದೆವಲ್ಲ, ಅದೂ ಅಚ್ಚೇ. ಒಂದು ಪಾದಕ್ಕೆ ಒಂದು ಕೈ, ಇನ್ನೊಂದು ಪಾದಕ್ಕೆ ಇನ್ನೊಂದು ಕೈ. ಒಂದೇ ಕೈಯಲ್ಲಿ ಮಾಡಿದರೆ ದೇವರು ಕುಂಟಿಕೊಂಡು ಬರುತ್ತಾನೆ ಎಂದು ನಮ್ಮಮ್ಮ ಹೇಳುತ್ತಿದ್ದರು. ಈ ಮಾತನ್ನು ಯಾಕೆ ಎತ್ತಿದೆನೆಂದರೆ, ನಮ್ಮ ಪೂರ್ವಿ ಎಡಚಿ.

ಇಲ್ಲಿ ಅದೊಂದು ವಿಷಯವೇ ಅಲ್ಲ. ಸ್ಕೂಲಿನಲ್ಲಿ ಅವಳಿಗೆ ಬೇರೆ ಕತ್ತರಿ ಕೊಟ್ಟಿದ್ದರು, ಅದು ಬೇರೆ ಬಣ್ಣದ್ದೆಂದು ಅವಳಿಗೆ ಜಂಬವೇ ಇತ್ತು. ಆ ವರ್ಷ ಏಪ್ರಿಲಿನಲ್ಲಿ ಧಾರವಾಡದಿಂದ ನಮ್ಮ ಅತ್ತೆ ಬಂದರು, ಆರು ತಿಂಗಳ ವೀಸಾದ ಮೇಲೆ. ಧಾರವಾಡದಲ್ಲಿ ಅವರು ದೊಡ್ಡ ಮಗನ ಮನೆಯಲ್ಲಿ ಆರಾಮಾಗಿದ್ದರು. ಆದರೆ ಆ ಮನೆಯಲ್ಲಿ ಇರುವವರೆಲ್ಲ ಮೊಮ್ಮಗಂದಿರು, ಮೊಮ್ಮಗಳೆಂದರೆ ಪೂರ್ವಿ ಒಬ್ಬಳೇ, ಅವಳನ್ನು ಕಣ್ತುಂಬ ನೋಡಬೇಕೆಂದು ಬಂದಿದ್ದರು. ಮೊಣಕಾಲು ಕೈಕೊಟ್ಟಿತ್ತು. ಇನ್ನೊಂದು ಸಲ ಇಷ್ಟು ದೂರ ವಿಮಾನದಲ್ಲಿ ಕೂರುವುದು ಆಗದ ಮಾತು ಎಂದು ಡಾಕ್ಟರು ಹೇಳಿದ್ದರು. ಅದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಮೊದಲ ಎರಡು ವಾರ ನಮ್ಮ ಮನೆ ಮನೆಯಾಗಿರಲಿಲ್ಲ, ಜಾತ್ರೆಯಾಗಿತ್ತು. ಅಜ್ಜಿ ಧಾರವಾಡದ ಕನ್ನಡದಲ್ಲಿ ಮಾತಾಡುವುದು, ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು, ಇಬ್ಬರಿಗೂ ಎಲ್ಲ ಅರ್ಥವಾಗುವುದು. ನಡುವೆ ನನ್ನ ಮೈಸೂರು ಕನ್ನಡವೇ ಯಾರಿಗೂ ಬೇಡವಾಗಿತ್ತು. ಸಂಜೆ ಅತ್ತೆ ಹಿತ್ತಿಲ ಬಾಗಿಲಿನ ಮೆಟ್ಟಿಲ ಮೇಲೆ ಕೂತು, ದೊಡ್ಡ ಬೋಗುಣಿಯಲ್ಲಿ ಸಾರನ್ನ ಕಲಸಿ, ಪೂರ್ವಿಯ ಅಂಗೈಗೆ ಒಂದೊಂದೇ ತುತ್ತು ಹಾಕುತ್ತಿದ್ದರು. ಅಂಗೈಯ ನಡುವೆ ಗುಳಿ ಮಾಡಿ, ಅದರಲ್ಲಿ ತುತ್ತಿಟ್ಟು, ಮೇಲೊಂದು ಹನಿ ಸಾರು ಬಿಟ್ಟು ಕಥೆ ಹೇಳುವುದು. ತಟ್ಟೆಯಲ್ಲಿ ಮೂರು ಚಮಚ ತಿನ್ನುವ ಹುಡುಗಿ ಬೋಗುಣಿ ಬಳಿದು ತಿನ್ನುತ್ತಿದ್ದಳು. ನಾನು ಒಂದು ಸಂಜೆ ಅಡಿಗೆಮನೆಯ ಒಳಗಿನಿಂದ ಅದನ್ನು ಎಕ್ಸ್‌ರೇ ಕವರಿನ ಹಿಂದೆ ಪೆನ್ಸಿಲಿನಲ್ಲಿ ಗೀಚಿಟ್ಟುಕೊಂಡೆ. ಇದೇ ನನ್ನ ಮಂಗಳವಾರ ಎಂದು ಅವತ್ತೇ ನಿಶ್ಚಯಿಸಿದೆ.

ಆದರೆ ಆ ಗೀಚಿನಲ್ಲಿ ಕಾಣದ ಒಂದು ಸಂಗತಿ ಇತ್ತು. ಪೂರ್ವಿ ಪ್ರತಿ ತುತ್ತಿಗೂ ಮೊದಲು ಎಡಗೈ ಚಾಚುತ್ತಿದ್ದಳು. ಪ್ರತಿ ತುತ್ತಿಗೂ ಅತ್ತೆ, "ಆ ಕೈ ಅಲ್ಲ ನಮ್ಮವ್ವಾ, ಈ ಕೈ ತಾ" ಎನ್ನುತ್ತಿದ್ದರು. ಮೊದಮೊದಲು ಅದೂ ಆಟವೇ. ಆಮೇಲೆ ಅತ್ತೆಯ ದನಿಯಿಂದ ಆಟ ಹೊರಟುಹೋಯಿತು. ತಟ್ಟೆ ಮುಂದೆ ಅದೇ, ಪೆನ್ಸಿಲು ಹಿಡಿದರೆ ಅದೇ, ಹಣೆಗೆ ಕುಂಕುಮ ಇಟ್ಟುಕೊಂಡರೂ ಅದೇ. ನಾನು ಒಮ್ಮೆ ಧೈರ್ಯ ಮಾಡಿ ಕೃಷ್ಣನ ಹೆಜ್ಜೆಯ ವಾದ ಮುಂದಿಟ್ಟೆ.

"ದೇವರಿಗೇ ಎರಡೂ ಕೈ ಬೇಕಲ್ಲ ಅತ್ತೆ" ಅಂದೆ.

"ದೇವರ ಹೆಜ್ಜಿ ನೆಲದ ಮ್ಯಾಲೆ ಮೂಡ್ತಾವ. ಅನ್ನ ಬಾಯಾಗ ಹೋಗ್ತದ" ಎಂದರು. ಅಲ್ಲಿಗೇ ಬಿಡದೆ, "ನಾಳೆ ನಾಕು ಮಂದ್ಯಾಗ ಪಂಕ್ತಿಗೆ ಕೂತಾಗ ನಗತಾರ. ಹೆಣ್ಣುಹುಡುಗಿ. ನಿನಗ ಗೊತ್ತಿಲ್ಲ ವಸುಧಾ" ಎಂದರು.

ನಮ್ಮವರು ಅರಿವಳಿಕೆ ಡಾಕ್ಟರು. ಆಸ್ಪತ್ರೆಯಲ್ಲಿ ಬೇರೆಯವರನ್ನು ಮಲಗಿಸುತ್ತಾರೆ, ಮನೆಯಲ್ಲಿ ಇಂಥ ಮಾತು ಬಂದರೆ ತಾವೇ ಮಲಗಿಬಿಡುತ್ತಾರೆ. ಅವರಿಂದ ಏನೂ ಆಗಲಿಲ್ಲ.

ಒಂದು ದಿನ ನಾನು ಕೆಲಸದಿಂದ ಬರುವುದರೊಳಗೆ ನಡೆಯಬಾರದ್ದು ನಡೆದಿತ್ತು. "ಈ ಕಳ್ಳ ಕೈನ್ನ ಸ್ವಲ್ಪ ಹೊತ್ತು ಕಟ್ಟಿ ಹಾಕೂಣು" ಎಂದು ಅತ್ತೆ ನಗುನಗುತ್ತಲೇ ಮೆತ್ತನೆಯ ಕರ್ಚೀಫಿನಿಂದ ಪೂರ್ವಿಯ ಎಡಗೈಯನ್ನು ಅವಳ ಫ್ರಾಕಿನ ಪಟ್ಟಿಗೆ ಕಟ್ಟಿ ತುತ್ತು ಕೊಟ್ಟಿದ್ದರು. ಹುಡುಗಿ ಅಳಲಿಲ್ಲವಂತೆ. ಬಲಗೈಯಲ್ಲಿ ಚೆಲ್ಲಿಕೊಂಡು ತಿಂದು ಎದ್ದು ಹೋದಳಂತೆ. ಮರುದಿನದಿಂದ ಅಜ್ಜಿ ಬೋಗುಣಿ ಹಿಡಿದು ಕೂತರೆ, "ಐ ಆಮ್ ನಾಟ್ ಹಂಗ್ರಿ" ಎಂದು ಮಹಡಿ ಹತ್ತುವಳು. ಆಮೇಲೆ ತಟ್ಟೆ ತೆಗೆದುಕೊಂಡು ಮಹಡಿ ಮೆಟ್ಟಿಲಿನ ಮೇಲೆ, ಅಜ್ಜಿಗೆ ಕಾಣದ ತಿರುವಿನಲ್ಲಿ, ಒಬ್ಬಳೇ ಕೂತು ತಿನ್ನುವಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ಮಕ್ಕಳ ಮುನಿಸು ಎರಡು ದಿನ ಎಂದುಕೊಂಡಿದ್ದೆ. ಬೇಸಿಗೆ ಬಂದರೂ ಮುನಿಸು ಕರಗಲಿಲ್ಲ. ಅತ್ತೆ ಬೋಗುಣಿಯಲ್ಲಿ ಕಲಸುವುದನ್ನು ನಿಲ್ಲಿಸಿದರು. ಹಿತ್ತಿಲ ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುವರು. ನನಗೆ ಅವರ ಮೇಲೆ ಸಿಟ್ಟೂ ಇತ್ತು, ಅವರನ್ನು ನೋಡಿದರೆ ಪಾಪ ಅನ್ನಿಸುತ್ತಲೂ ಇತ್ತು. ಅಕ್ಟೋಬರಿನಲ್ಲಿ ಹೊರಡುವವರು ಮತ್ತೆ ಬರುವವರಲ್ಲ. ಮೊಮ್ಮಗಳ ನೆನಪಿನಲ್ಲಿ ಅಜ್ಜಿ ಎಂದರೆ ಆ ಕರ್ಚೀಫು ಮಾತ್ರ ಉಳಿಯಬಾರದು ಎಂಬುದೊಂದೇ ನನ್ನ ಆಸೆ.

ಹಾಗಾಗಿ ನನ್ನ ಮರದಚ್ಚಿಗೆ ಒಂದು ಕೆಲಸ ಬಂತು. ಮೊದಲಿನ ಆ ಒಳ್ಳೆಯ ಸಂಜೆಯನ್ನು ಅಚ್ಚು ಹಾಕಿ ಇಬ್ಬರಿಗೂ ಒಂದೊಂದು ಪ್ರತಿ ಕೊಡುವುದು. ಬಾಯಲ್ಲಿ ಹೇಳಲಾಗದ್ದನ್ನು ಚಿತ್ರ ಹೇಳೀತು. ದೊಡ್ಡ ಕಲಾವಿದರ ಹಾಗೆ ನಾನೂ ಕಲೆಯಿಂದ ಲೋಕಕಲ್ಯಾಣ ಮಾಡಲು ಹೊರಟೆ.

ಕ್ರಮ ಹೀಗೆ: ಚಿತ್ರವನ್ನು ತೀರ ತೆಳುವಾದ ಜಪಾನಿ ಕಾಗದದ ಮೇಲೆ ಬರೆಯಬೇಕು. ಹಲಗೆಗೆ ಗಂಜಿಯಂಥ ಅಂಟು ಸವರಿ, ಚಿತ್ರದ ಮುಖ ಕೆಳಗಾಗುವಂತೆ, ಅಂದರೆ ಬೋರಲಾಗಿ ಅಂಟಿಸಬೇಕು. ಕಾಗದದ ಬೆನ್ನಿನಿಂದಲೂ ಗೆರೆ ಕಾಣುತ್ತದೆ, ಅದನ್ನು ಹಿಡಿದು ಕೆತ್ತಬೇಕು. ಹಲಗೆಯ ಮೇಲೆ ಎಲ್ಲ ತಿರುಗುಮುರುಗಾಗಿರುತ್ತದೆ, ಅಚ್ಚು ತೆಗೆದಾಗ ಮತ್ತೆ ತಿರುಗಿ ಸರಿಯಾಗುತ್ತದೆ. ಮಿಚಿಕೊ ಇದನ್ನು ಮೊದಲ ದಿನವೇ ಹೇಳಿಕೊಟ್ಟಿದ್ದರು. ನನಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಅವತ್ತು ಅಂಟು ಸವರಿದ ಹಲಗೆಯ ಮೇಲೆ ಕಾಗದ ಹಿಡಿದಾಗ ಕೈ ಮುಂದೆ ಹೋಗಲಿಲ್ಲ. ಅತ್ತೆಯ ಮುಖ ಅಷ್ಟು ಚೆನ್ನಾಗಿ ಬಂದಿತ್ತು. ಹಣೆಯ ಬೊಟ್ಟು, ಕಿವಿಯ ಬೆಂಡೋಲೆ, ಎಲ್ಲ. ಬದುಕಿ ಬಾಳುತ್ತಿರುವ ಮನೆಯ ಹಿರಿಯರನ್ನು ಮುಖ ಅಡಿಯಾಗಿ ಮರಕ್ಕೆ ಅಂಟಿಸುವುದೇ? ನಮ್ಮ ಮನೆಯಲ್ಲಿ ಗೋಡೆಯ ಫೋಟೋ ಬೋರಲಾಗಿ ಬಿದ್ದರೆ ಅಮ್ಮ 'ಶಿವ ಶಿವಾ' ಎಂದು ಓಡಿಬಂದು ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು, ಆಮೇಲೆ ಆ ಫೋಟೋದಲ್ಲಿದ್ದವರಿಗೆ ಕ್ಷೇಮ ಕೇಳಿ ಕಾಗದ ಹೋಗುತ್ತಿತ್ತು. ಅತ್ತೆ ವಿಮಾನ ಹತ್ತುವವರು ಬೇರೆ. ಅದೂ ಅಲ್ಲದೆ ಮುಖದ ಮೇಲೆ ಚಾಕು. ಅಚ್ಚಿನ ಶಾಸ್ತ್ರ ಒಂದು ಕಡೆ, ನಮ್ಮಮ್ಮನ ಶಾಸ್ತ್ರ ಒಂದು ಕಡೆ. ಎಡ ಬಲ ನೋಡಿಯೇ ಹೊಟ್ಟೆ ಹೊರೆಯುವ ನಾನು, ಕಾಗದವನ್ನು ಮುಖ ಮೇಲಾಗಿಯೇ ಅಂಟಿಸಿಬಿಟ್ಟೆ. ಬಾಗಿಲು ಆ ಕಡೆ ಬರುವುದು ಈ ಕಡೆ ಬರುತ್ತದೆ, ಅಷ್ಟೇ ತಾನೆ, ಬಾಗಿಲಿಗೇನು ಬೇಜಾರೇ ಎಂದುಕೊಂಡೆ.

ಮಿಚಿಕೊ ಬಂದು ನೋಡಿ, "ಹೀಗಾದರೆ ಅಚ್ಚು ತಿರುಗುಮುರುಗಾಗಿ ಬರುತ್ತದೆ, ನಿಮಗೆ ಹಾಗೇ ಬೇಕೇ?" ಎಂದು ಕೇಳಿದರು. ನಾನು ತೀರ ತಿಳಿದವಳಂತೆ, "ಹೌದು, ಹಾಗೇ ಬೇಕು" ಎಂದೆ. ಅವರು ಅದೇನೋ ಕಲಾತ್ಮಕ ನಿರ್ಧಾರವೆಂದು ತಿಳಿದು ಗೌರವದಿಂದ ತಲೆಬಾಗಿಸಿ ಮುಂದೆ ಹೋದರು.

ಬೇಸಿಗೆಯ ಶನಿವಾರಗಳೆಲ್ಲ ಕೆತ್ತಿದೆ. ಕಪ್ಪು ಗೆರೆಗೆ ಒಂದು ಹಲಗೆ, ಅತ್ತೆಯ ಸೀರೆಯ ಹಸಿರಿಗೆ ಇನ್ನೊಂದು. ಕೆತ್ತುವಾಗ ಮನುಷ್ಯರನ್ನು ಎಷ್ಟು ಹತ್ತಿರದಿಂದ ನೋಡಬೇಕಾಗುತ್ತದೆ ಎಂದರೆ ಅವರ ಮೇಲಿನ ಸಿಟ್ಟು ಉಳಿಯುವುದಿಲ್ಲ. ಅತ್ತೆಯ ಬೆರಳ ಗೆಣ್ಣುಗಳಿಗೇ ಎರಡು ಶನಿವಾರ ಬೇಕಾಯಿತು. ಈ ಕೈ ಎಷ್ಟು ಮಂದಿಗೆ ಬಡಿಸಿದೆಯೋ, ಈ ಕೈಯೇ ಕರ್ಚೀಫನ್ನೂ ಕಟ್ಟಿತಲ್ಲ ಎಂದು ಯೋಚಿಸುತ್ತ ಕೆತ್ತುತ್ತಿದ್ದೆ. ಸೆಪ್ಟೆಂಬರಿನ ಕೊನೆಗೆ ಅಚ್ಚು ತೆಗೆದೆವು. ಒದ್ದೆ ಮಾಡಿದ ಕಾಗದವನ್ನು ಹಲಗೆಯ ಮೇಲೆ ಹರಡಿ, ಬಾರೆನ್ನಿನಿಂದ ಉಜ್ಜಿ, ಮೂಲೆ ಹಿಡಿದು ಮೆಲ್ಲಗೆ ಎತ್ತಿದರೆ ಅತ್ತೆ ಎದ್ದು ಬಂದರು. ನನಗೆ ಕುಣಿಯುವಷ್ಟು ಸಂತೋಷ. ಮಿಚಿಕೊ ಒಂದು ಪ್ರತಿಯನ್ನು ತಮ್ಮ ಗೆಳತಿಯರಿಗೆ ಕಳಿಸಲು ಕೇಳಿ ಇಟ್ಟುಕೊಂಡರು, ಬದಲಿಗೆ ತಾವು ಬಳಸುತ್ತಿದ್ದ ಬಾರೆನ್ ನನಗೆ ಕೊಟ್ಟರು. ಆ ಸಂತೋಷದಲ್ಲಿ ಸ್ಟ್ರಾಟ್‌ಫರ್ಡಿನಿಂದ ಸ್ಟ್ಯಾನ್ಮೋರಿನ ತನಕ ಚಿತ್ರವನ್ನು ತೆಗೆದು ತೆಗೆದು ನೋಡಿದೆ, ಗೆರೆ ನೋಡಿದೆ, ಬಣ್ಣ ನೋಡಿದೆ, ಬೇರೇನೂ ನೋಡಲಿಲ್ಲ.

ಮನೆಯಲ್ಲಿ ಊಟದ ಮೇಜಿನ ಮೇಲೆ ಹರಡಿದೆ. ಸೋಫಾದಲ್ಲಿ ಅರೆನಿದ್ದೆಯಲ್ಲಿದ್ದ ನಮ್ಮವರು ಬಂದು ಬಗ್ಗಿ ನೋಡಿದರು.

"ಏನಿದು, ಅವ್ವ ಎಡಗೈಲೆ ತುತ್ತು ಕೊಡಾಕತ್ತಾಳಲ್ಲ! ಸೆರಗೂ ಬಲ ಹೆಗಲಿಗೆ ಬಂದದ. ಅವ್ವನ್ನ ಗುಜರಾತಿ ಮಾಡಿಟ್ಟಿಯಲ್ಲ!" ಎಂದರು.

ನಾನೂ ಬಗ್ಗಿ ನೋಡಿದೆ. ಹೌದು. ಚಿತ್ರದಲ್ಲಿ ಅತ್ತೆ ಎಡಗೈಯಿಂದ ತುತ್ತು ಕೊಡುತ್ತಿದ್ದರು, ಪೂರ್ವಿ ಎಡ ಅಂಗೈ ಚಾಚಿ ಅದನ್ನು ತೆಗೆದುಕೊಳ್ಳುತ್ತಿದ್ದಳು. ಬಾಗಿಲಿಗೆ ಬೇಜಾರಿಲ್ಲ, ನಿಜ. ಆದರೆ ಮನುಷ್ಯರಿಗೆ ಎಡ ಬಲ ಇರುತ್ತದೆಯಲ್ಲ. ಎಡಗೈಯ ಮೇಲೆ ಎದ್ದ ಜಗಳವನ್ನು ಆರಿಸಲು ನಾನು ಒಂದು ಬೇಸಿಗೆಯೆಲ್ಲ ಶ್ರಮಪಟ್ಟು ಅತ್ತೆಯನ್ನೇ ಎಡಗೈಯವರನ್ನಾಗಿ ಮಾಡಿ ತಂದಿದ್ದೆ. ಅವಮಾನ ಮಾಡಲೆಂದೇ ಮಾಡಿದೆ ಅನ್ನುತ್ತಾರೆ, ಅನ್ನದೆ ಇರುತ್ತಾರೆಯೇ? ಚಿತ್ರವನ್ನು ಸುತ್ತಿ ಮೇಜಿನ ಕೆಳಗೆ ತಳ್ಳಬೇಕೆನ್ನುವಷ್ಟರಲ್ಲಿ ಅತ್ತೆ ಕನ್ನಡಕ ಹಾಕಿಕೊಂಡು ಬಂದೇಬಿಟ್ಟರು.

"ತಾ ನೋಡೋಣು" ಎಂದರು.

ಕಿಟಕಿಯ ಹತ್ತಿರ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ನಾನು ಗಡಬಡಿಸಿ, "ಅತ್ತೆ, ತಪ್ಪು ತಿಳ್ಕೋಬೇಡಿ, ಕಾಗದ ತಿರುಗಿಸಿ ಅಂಟಿಸಬೇಕಾಗಿತ್ತು, ನಿಮ್ಮ ಮುಖ ಬೋರಲು ಹಾಕೋಕೆ ಮನಸ್ಸು ಬರಲಿಲ್ಲ, ಅದಕ್ಕೇ ಹೀಗಾಯ್ತು, ಬೇರೆ ಮಾಡ್ತೀನಿ" ಎಂದು ಒಂದೇ ಉಸಿರಿಗೆ ಹೇಳಿದೆ. ಅವರಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ.

"ನಿನಗ ಯಾರು ಹೇಳಿದ್ರು?" ಎಂದರು.

"ಏನು ಅತ್ತೆ?"

"ನಾ ಎಡಚಿ ಇದ್ದೆ ಅಂತ."

ನಾನು ನಮ್ಮವರ ಮುಖ ನೋಡಿದೆ. ಅವರಿಗೆ ಪೂರ್ತಿ ಎಚ್ಚರವಾಗಿತ್ತು. ನಲವತ್ತು ದಾಟಿದ ಮಗನಿಗೆ ತನ್ನ ತಾಯಿಯ ಬಗ್ಗೆ ಇದು ಗೊತ್ತಿರಲಿಲ್ಲ.

ಅತ್ತೆ ಕುರ್ಚಿಯಲ್ಲಿ ಕೂತರು. ಚಿತ್ರ ತೊಡೆಯ ಮೇಲೆಯೇ ಇತ್ತು. "ತವರುಮನಿ ಗದಗಿನ್ಯಾಗ ಇದ್ದಾಗ. ನಮ್ಮ ಪೂರ್ವಿಯಷ್ಟ ಇದ್ದೆ. ಎಡಗೈಲೆ ಬಡಿಸೋ ಸೊಸಿನ್ನ ಯಾವ ಮನಿಯವರು ತರ್ತಾರ ಅಂತ ನಮ್ಮವ್ವ ಹಳೇ ಸೀರಿ ಅಂಚು ಹರದು ಕೈ ನಡಕ್ಕ ಕಟ್ಟತಿದ್ಲು. ಮುಂಜಾನೆ ಕಟ್ಟಿದ್ರ ರಾತ್ರಿ ಬಿಚ್ಚೂದು. ಮುಂದ ಮುಂದ ಕಟ್ಟೂದು ಬೇಕಾಗಲಿಲ್ಲ, ಕೈಗೇ ಮರತುಹೋತು. ನಿಮ್ಮ ಮಾವನವರಿಗೂ ಗೊತ್ತಿದ್ದಿದ್ದಿಲ್ಲ" ಎಂದರು. ಆಮೇಲೆ ಸ್ವಲ್ಪ ನಕ್ಕರು. "ಒಂದು ಮಾತ್ರ ಹೋಗಲಿಲ್ಲ ನೋಡು. ನಿದ್ದಿಗಣ್ಣಾಗ ಸೊಳ್ಳಿ ಹೊಡಿಯೂದು ಇವತ್ತಿಗೂ ಈ ಕೈಲೇನ."

ಯಾರಿಗೂ ನಗು ಬರಲಿಲ್ಲ. ಆಗ ಮಹಡಿ ಮೆಟ್ಟಿಲಿನ ತಿರುವಿನಿಂದ ತಟ್ಟೆ ಹಿಡಿದುಕೊಂಡೇ ಪೂರ್ವಿ ಇಳಿದು ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಅಜ್ಜಿಯ ಮುಂದೆ ನಿಂತು, "ಡಿಡ್ ಇಟ್ ಹರ್ಟ್, ಅಜ್ಜಿ?" ಎಂದಳು.

ಅತ್ತೆಗೆ ಅದನ್ನು ಯಾರೂ ಕನ್ನಡಕ್ಕೆ ತಂದು ಹೇಳಬೇಕಾಗಲಿಲ್ಲ. "ನೋವು ಅಷ್ಟೇನಿಲ್ಲವ್ವಾ. ಸಿಟ್ಟು ಬರ್ತಿತ್ತು" ಎಂದರು.

"ಮೀ ಟೂ" ಎಂದಳು ಪೂರ್ವಿ.

ಅತ್ತೆ ಕೈ ಚಾಚಿ ಅವಳ ಎಡಗೈಯನ್ನು ತಮ್ಮ ಎರಡು ಕೈಗಳಲ್ಲಿ ತೆಗೆದುಕೊಂಡು ಸುಮ್ಮನೆ ಸವರುತ್ತ ಕೂತರು. ಕಟ್ಟಿದ ಗುರುತೇನಾದರೂ ಉಳಿದಿದೆಯೇ ಎಂದು ಹುಡುಕುವವರ ಹಾಗಿತ್ತು. "ನಂದು ತಪ್ಪಾತವ್ವಾ" ಎಂದರು. ಧಾರವಾಡದ ಆ ಮನೆಯಲ್ಲಿ ಹಿರಿಯರು ಮಕ್ಕಳಿಗೆ ಈ ಮಾತು ಹೇಳಿದ್ದನ್ನು ತಾವು ಹುಟ್ಟಿದ ಮೇಲೆ ಕೇಳಿರಲಿಲ್ಲ ಎಂದು ನಮ್ಮವರು ರಾತ್ರಿ ಹೇಳಿ ಕಣ್ಣೊರೆಸಿಕೊಂಡರು.

ಉಳಿದ ಎರಡು ವಾರ ಬೋಗುಣಿ ಮತ್ತೆ ಹಿತ್ತಿಲ ಬಾಗಿಲಿಗೆ ಬಂತು. ಪೂರ್ವಿ ತನಗೆ ತೋಚಿದ ಕೈ ಚಾಚುತ್ತಿದ್ದಳು. ಅತ್ತೆ ಒಂದೆರಡು ಸಲ ಎಡಗೈಯಿಂದ ತುತ್ತು ಕಟ್ಟಲು ನೋಡಿದರು, ಅನ್ನ ಬೆರಳಸಂದಿಯಿಂದ ಉದುರಿತು. "ಈ ಕೈ ಇನ್ನ ಕಲಿಯಂಗಿಲ್ಲ ಬಿಡು" ಎಂದು ಮತ್ತೆ ಬಲಗೈಗೆ ಬಂದರು. ಬಿಟ್ಟು ಹೋದದ್ದು ಅಷ್ಟು ಸುಲಭಕ್ಕೆ ತಿರುಗಿ ಬರುವುದಿಲ್ಲ. ನಾನು ಮಾತ್ರ ಕಲಾವಿದೆಯ ಹಟ ಬಿಡದೆ, ಹಲಗೆ ಹೊಸದಾಗಿ ಕೆತ್ತುತ್ತೇನೆ, ಈ ಸಲ ಕಣ್ಣು ಮುಚ್ಚಿಕೊಂಡು ಬೋರಲು ಅಂಟಿಸುತ್ತೇನೆ ಎಂದೆ. ಅತ್ತೆ, "ಬ್ಯಾಡ" ಎಂದರು. ಚಿತ್ರವನ್ನು ಎರಡು ಸೀರೆಗಳ ನಡುವೆ ಇಟ್ಟು ಸೂಟ್‌ಕೇಸಿನಲ್ಲಿ ತೆಗೆದುಕೊಂಡು ಹೋದರು.

ಮಿಚಿಕೊ ಅವರಿಗೆ ಈ ಕತೆ ಹೇಳಿದಾಗ ಅವರು ಕೆತ್ತುವುದನ್ನು ನಿಲ್ಲಿಸಿ ಕೇಳಿದರು. ಅವರ ಅಣ್ಣನಿಗೂ ಚಿಕ್ಕಂದಿನಲ್ಲಿ ಊಟದ ಕಡ್ಡಿ ಹಿಡಿಯುವ ಕೈ ಬದಲಿಸಿದ್ದರಂತೆ. ನಮ್ಮ ಅತ್ತೆಯ ಪ್ರತಿ ಜಪಾನಿನಲ್ಲಿ ಮನೆಯಿಂದ ಮನೆಗೆ ಹೋಯಿತಂತೆ. ಅಲ್ಲಿ ಯಾರಿಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಅಜ್ಜಿ ಮೊಮ್ಮಗಳಿಗೆ ಅನ್ನ ಕೊಡುತ್ತಿದ್ದಾರೆ, ಅಷ್ಟೇ.

ಕೆಲವು ವರ್ಷಗಳ ಮೇಲೆ ನಾವು ಧಾರವಾಡಕ್ಕೆ ಹೋಗಿದ್ದೆವು. ಅತ್ತೆ ಹಾಸಿಗೆ ಬಿಟ್ಟು ಹೆಚ್ಚು ಏಳುತ್ತಿರಲಿಲ್ಲ. ಚಿತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ, ಮದುವೆ ಫೋಟೋಗಳ ಸಾಲಿನಲ್ಲೇ ತೂಗುಹಾಕಿಸಿದ್ದರು. ಒಂದು ಮಧ್ಯಾಹ್ನ ನಾನು ಒಳಗೆ ಚಹಾ ಸೋಸುತ್ತಿದ್ದೆ. ನೋಡಲು ಬಂದ ದೂರದ ನೆಂಟರೊಬ್ಬರು ಗೋಡೆಯ ಮುಂದೆ ನಿಂತು, "ಅಯ್ಯ, ಇದೇನ್ರಿ ಮಾಮಿ, ಎಡಗೈಲೆ ತುತ್ತು ಕೊಡೋ ಹಂಗ ತಗದಾರಲ್ಲ? ತಪ್ಪಿ ಮಾಡ್ಯಾರೇನು?" ಎಂದು ಕೇಳಿದ್ದು ಕೇಳಿಸಿತು. ನಾನು ಚಹಾ ಅಲ್ಲೇ ಬಿಟ್ಟು, ತಪ್ಪು ನನ್ನದೆಂದು ಹೇಳಲು ಬಾಗಿಲಿಗೆ ಬಂದೆ.

"ತಪ್ಪೇನಿಲ್ಲವಾ" ಎಂದರು ಅತ್ತೆ, ಮಲಗಿದಲ್ಲಿಂದಲೇ. "ನನ್ನ ಕೈ ಅದು."